ಗೊತ್ತಿಲ್ಲದೆ ದೋಷವಿರುವ ವಸ್ತುವನ್ನು ಮಾರಿದವರು ಹಣ ಹಿಂದಿರುಗಿಸಬೇಕೇ?

ಹಳೆಯ ಲೆನ್ಸ್ (ಚರ್ಚೆ ಆರಂಭಿಸಿದವರು)

ನಾನು ವ್ಯಾಪಾರಿಯಲ್ಲ, ಹವ್ಯಾಸಕ್ಕಾಗಿ ಕ್ಯಾಮೆರಾ ಹಿಡಿದವನು. ಎರಡು ತಿಂಗಳ ಹಿಂದೆ ನನ್ನಲ್ಲಿದ್ದ ಹಳೆಯ ಲೆನ್ಸೊಂದನ್ನು ಪರಿಚಯವಿಲ್ಲದ ಒಬ್ಬರಿಗೆ ಮಾರಿದೆ. ಜಾಹೀರಾತಿನಲ್ಲಿ "ಗಾಜು ಸ್ವಚ್ಛವಾಗಿದೆ, ಫಂಗಸ್ ಇಲ್ಲ" ಎಂದು ಬರೆದಿದ್ದೆ. ಹಾಗೆ ಬರೆಯುವ ಮೊದಲು ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೆ, ಎರಡು ವರ್ಷ ಅದರಲ್ಲೇ ಚಿತ್ರ ತೆಗೆದಿದ್ದೆ, ಯಾವ ಚಿತ್ರದಲ್ಲಿಯೂ ಕೊರತೆ ಕಂಡಿರಲಿಲ್ಲ.

ಕೊಂಡವರು ಮೂರು ವಾರ ಬಳಸಿ, ಫೋಕಸ್ ಉಂಗುರ ಬಿಗಿಯಾಗಿದೆಯೆಂದು ರಿಪೇರಿಗೆ ಕೊಟ್ಟಾಗ, ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಗಳಂತೆ ಫಂಗಸ್ ಹಬ್ಬಿರುವುದು ಕಂಡಿದೆ. ಫೋಟೊ ಕಳುಹಿಸಿದ್ದಾರೆ, ಅನುಮಾನಕ್ಕೆ ಎಡೆಯಿಲ್ಲ. ಅವರು ಜಗಳವಾಡಲಿಲ್ಲ, ಹಣವನ್ನೂ ಕೇಳಲಿಲ್ಲ. "ನಿಮಗೆ ಇದು ಗೊತ್ತಿತ್ತೇ?" ಎಂದಷ್ಟೇ ಕೇಳಿದರು. "ಗೊತ್ತಿರಲಿಲ್ಲ" ಎಂದು ನಿಜವನ್ನೇ ಬರೆದೆ. ಅವರು "ಸರಿ" ಎಂದು ಸುಮ್ಮನಾದರು.

ಅವರು ಸುಮ್ಮನಾದ ಮೇಲೆಯೇ ನನಗೆ ಕಸಿವಿಸಿ ಶುರುವಾಯಿತು. ನಾನು ಮೋಸ ಮಾಡಿಲ್ಲ ಎಂಬುದು ಖಚಿತ. ಆದರೂ ನಾನು ಬರೆದದ್ದು ಸುಳ್ಳಾಯಿತು, ಅದರಿಂದ ಬಂದ ಹಣ ನನ್ನಲ್ಲಿದೆ, ನಷ್ಟ ಅವರಲ್ಲಿದೆ. ನಾನು ಅವರಿಗೆ ಏನಾದರೂ ಕೊಡಬೇಕೇ? ಕೊಟ್ಟರೆ ಅದು ಔದಾರ್ಯವೋ, ಬಾಕಿಯೋ?

ನೇರಮಾತು

ನನ್ನ ಅಭಿಪ್ರಾಯ ಕಠಿಣವೆನಿಸಬಹುದು. ಬಳಸಿದ ವಸ್ತುವನ್ನು ಒಬ್ಬ ಸಾಮಾನ್ಯ ಮನುಷ್ಯನಿಂದ ಕೊಳ್ಳುವವರಿಗೆ ತಾವು ಅಂಗಡಿಯಿಂದ ಕೊಳ್ಳುತ್ತಿಲ್ಲ ಎಂಬುದು ಗೊತ್ತಿರುತ್ತದೆ. ವಾರಂಟಿ ಇಲ್ಲ, ರಸೀದಿ ಇಲ್ಲ, ಮಾರುವವನಿಗೆ ಆ ವಸ್ತುವಿನ ಬಗ್ಗೆ ಪರಿಣತಿಯೂ ಇಲ್ಲ. ಬೆಲೆ ಕಡಿಮೆ ಇರುವುದೇ ಈ ಕಾರಣಕ್ಕೆ, ಅಂದರೆ ಅಪಾಯದ ಪಾಲು ಬೆಲೆಯಲ್ಲಿ ಆಗಲೇ ಕಳೆದುಹೋಗಿದೆ. ಕಡಿಮೆ ಬೆಲೆಯ ಲಾಭವನ್ನೂ ಇಟ್ಟುಕೊಂಡು, ಅಪಾಯ ಎದುರಾದಾಗ ಅದನ್ನು ಮಾರಿದವನ ತಲೆಗೆ ಕಟ್ಟುವುದು ಎರಡು ಕಡೆಯಿಂದಲೂ ತಿಂದಂತೆ.

ಇನ್ನೊಂದು ಮಾತು. ಇಂಥ ಪ್ರತಿಯೊಂದು ತಪ್ಪಿಗೂ ಮಾರಿದವನೇ ಹೊಣೆಯೆಂದಾದರೆ, ಪ್ರಾಮಾಣಿಕರು ತಮ್ಮ ಹಳೆಯ ಸಾಮಾನನ್ನು ಮಾರುವುದನ್ನೇ ಬಿಡುತ್ತಾರೆ. ಉಳಿಯುವವರು ಯಾವುದಕ್ಕೂ ಹಿಂಜರಿಯದ ಜನ ಮಾತ್ರ. ನಿಮಗೆ ಕೇಳದೆ ಇರುವ ಪ್ರಶ್ನೆಯನ್ನು ನೀವೇ ಹಾಕಿಕೊಳ್ಳುತ್ತಿದ್ದೀರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ.

ಕರಾರು ಓದುಗ

ನೇರಮಾತು ಅವರ ವಾದದ ಮೊದಲರ್ಧವನ್ನು ನಾನು ಒಪ್ಪುತ್ತೇನೆ, ಆದರೆ ಅದು ಈ ಪ್ರಸಂಗಕ್ಕೆ ಹೊಂದುವುದಿಲ್ಲ. ಕಡಿಮೆ ಬೆಲೆಯಲ್ಲಿ ಸೇರಿಕೊಂಡಿರುವುದು ಯಾರೂ ಮಾತನಾಡದೆ ಬಿಟ್ಟ ಅಪಾಯ. ಜಾಹೀರಾತು "ಹಳೆಯ ಲೆನ್ಸ್, ಇದ್ದ ಸ್ಥಿತಿಯಲ್ಲೇ ಮಾರಾಟಕ್ಕಿದೆ" ಎಂದಷ್ಟೇ ಇದ್ದಿದ್ದರೆ, ಫಂಗಸ್ ಇರಬಹುದು ಎಂಬ ಅಂಜಿಕೆಯನ್ನು ಕೊಳ್ಳುವವರು ತಮ್ಮ ಲೆಕ್ಕದಲ್ಲಿ ಹಿಡಿಯುತ್ತಿದ್ದರು, ಬೆಲೆಯನ್ನೂ ಅದಕ್ಕೆ ತಕ್ಕಂತೆ ಕೇಳುತ್ತಿದ್ದರು. "ಫಂಗಸ್ ಇಲ್ಲ" ಎಂಬ ಎರಡು ಪದಗಳು ಆ ಅಂಜಿಕೆಯನ್ನು ತೆಗೆದುಹಾಕಿದವು, ಮತ್ತು ತೆಗೆದುಹಾಕಿದ್ದಕ್ಕೆ ಬೆಲೆ ಪಡೆದವು. ಮಾರಿದ್ದು ಲೆನ್ಸನ್ನು ಮಾತ್ರವಲ್ಲ, ಅದರ ಜೊತೆಗೆ ಆ ಮಾತನ್ನೂ.

ಈ ಪ್ರಶ್ನೆ ಬಹಳ ಹಳೆಯದು. ಪ್ರಾಚೀನ ರೋಮಿನಲ್ಲಿ ಸಂತೆ-ಮಾರುಕಟ್ಟೆಗಳ ಉಸ್ತುವಾರಿಯಿದ್ದ ಈಡೈಲ್ ಎಂಬ ಅಧಿಕಾರಿಗಳು, ದನಕರುಗಳನ್ನೂ, ಆ ಕಾಲದ ಕ್ರೂರ ವಾಸ್ತವದಂತೆ ಗುಲಾಮರನ್ನೂ ಮಾರುವವರು ಅಡಗಿದ ದೋಷಗಳಿಗೆ ಹೊಣೆಯೆಂದು ಆಜ್ಞೆ ಹೊರಡಿಸಿದ್ದರು. ಮಾರಿದವನಿಗೆ ದೋಷ ಗೊತ್ತೇ ಇರಲಿಲ್ಲವಾದರೆ? ಆಗಲೂ ಅವನು ಹೊಣೆಯೇ, ಎಂದು ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ವಿವರಿಸುತ್ತಾನೆ. ಅವನು ಕೊಡುವ ಕಾರಣಗಳು ಎರಡು: ಒಂದು, ತನ್ನ ಕೈಯಲ್ಲಿದ್ದ ವಸ್ತುವಿನ ದೋಷವನ್ನು ತಿಳಿದುಕೊಳ್ಳಲು ಮಾರುವವನಿಗೆ ಸಾಧ್ಯವಿತ್ತು, ಎರಡು, ತಾನು ಮೋಸಹೋದದ್ದು ಇನ್ನೊಬ್ಬನ ಕುಯುಕ್ತಿಯಿಂದಲೋ ಅಜ್ಞಾನದಿಂದಲೋ ಎಂಬುದರಿಂದ ಕೊಂಡವನ ಪಾಲಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಹಾಗೆಂದು ಗೊತ್ತಿದ್ದವನನ್ನೂ ಗೊತ್ತಿಲ್ಲದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದಲ್ಲ. ಜಸ್ಟಿನಿಯನ್ ಚಕ್ರವರ್ತಿ 533ರಲ್ಲಿ ಹೊರಡಿಸಿದ ಡೈಜೆಸ್ಟ್ ಎಂಬ ಸಂಕಲನದಲ್ಲಿ ಜೂಲಿಯನ್ ಎಂಬ ಇನ್ನೊಬ್ಬ ನ್ಯಾಯಶಾಸ್ತ್ರಜ್ಞನ ಅಭಿಪ್ರಾಯ ಉಳಿದಿದೆ. ರೋಗದ ದನವನ್ನೋ ಹುಳುಕು ತೊಲೆಯನ್ನೋ ಮಾರಿದವನಿಗೆ ದೋಷ ಗೊತ್ತಿರದಿದ್ದರೆ, ಕೊಂಡವನು ನಿಜ ತಿಳಿದಿದ್ದರೆ ಎಷ್ಟು ಕಡಿಮೆ ಬೆಲೆ ಕೊಡುತ್ತಿದ್ದನೋ ಆ ವ್ಯತ್ಯಾಸವನ್ನಷ್ಟೇ ಅವನು ತುಂಬಿಕೊಡಬೇಕು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರೆ, ತೊಲೆಯಿಂದ ಮನೆ ಕುಸಿದರೆ ಮನೆಯ ಬೆಲೆಯನ್ನೂ, ರೋಗ ಹರಡಿ ಉಳಿದ ದನಗಳು ಸತ್ತರೆ ಆ ನಷ್ಟವನ್ನೂ ತೆರಬೇಕು. ಪ್ರಾಮಾಣಿಕ ತಪ್ಪಿನ ಬಗ್ಗೆ ನಾನು ಓದಿರುವುದರಲ್ಲಿ ಇಷ್ಟು ಸ್ಪಷ್ಟವಾದ ಅಳತೆ ಬೇರೆ ಇಲ್ಲ. ಪ್ರಾಮಾಣಿಕತೆ ಹೊಣೆಯನ್ನು ಚಿಕ್ಕದು ಮಾಡುತ್ತದೆ, ಇಲ್ಲವಾಗಿಸುವುದಿಲ್ಲ.

1872ರ ಭಾರತೀಯ ಕರಾರು ಕಾಯಿದೆಯ 18ನೆಯ ಸೆಕ್ಷನ್ ಕೂಡ ಇದೇ ದಿಕ್ಕಿನಲ್ಲಿದೆ. ನಿಜವಲ್ಲದ ಸಂಗತಿಯನ್ನು, ತಾನು ನಿಜವೆಂದೇ ನಂಬಿದ್ದರೂ, ತನ್ನಲ್ಲಿರುವ ಮಾಹಿತಿ ಸಮರ್ಥಿಸಲಾರದಷ್ಟು ಖಚಿತವಾಗಿ ಹೇಳುವುದು ತಪ್ಪು ನಿರೂಪಣೆ ಎನ್ನುತ್ತದೆ ಅದು. ವಂಚನೆ ಬೇರೆ, ಅದಕ್ಕೆ 17ನೆಯ ಸೆಕ್ಷನ್ ಇದೆ. ಹಳೆಯ ಲೆನ್ಸ್ ಅವರೇ, ನಿಮ್ಮಲ್ಲಿದ್ದ ಮಾಹಿತಿಯೇನು? ಕಿಟಕಿಯ ಬೆಳಕಿನಲ್ಲಿ ಕಣ್ಣಿಗೆ ಏನೂ ಬೀಳಲಿಲ್ಲ ಎಂಬುದು. ನೀವು ಬರೆದದ್ದೇನು? ಇಲ್ಲವೆಂದು. ಈ ಎರಡರ ನಡುವಿನ ಅಂತರವೇ ನಿಮ್ಮ ಪಾಲಿನ ತಪ್ಪು.

ರಿಪೇರಿ ಕೋಣೆ

ಕಾನೂನು ನನಗೆ ತಿಳಿಯದು, ಲೆನ್ಸ್ ಬಿಚ್ಚಿ ಜೋಡಿಸುವುದು ನನ್ನ ಕೆಲಸ. ಹಗಲು ಬೆಳಕಿನಲ್ಲಿ ಫಂಗಸ್ ಕಾಣಲಿಲ್ಲವೆಂದರೆ ನನಗೆ ಆಶ್ಚರ್ಯವೇ ಇಲ್ಲ. ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರವನ್ನು, ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಹಾಯಿಸಿ, ಮುಂದಿನಿಂದ ಕೋನ ಬದಲಿಸುತ್ತಾ ನೋಡಿದರೆ ಮಾತ್ರ ಸಣ್ಣ ಎಳೆಗಳು ಹೊಳೆದು ಕಾಣುತ್ತವೆ. ಅಂಚಿನಲ್ಲಿರುವ ಅಲ್ಪ ಫಂಗಸ್ ಸಾಧಾರಣ ಚಿತ್ರಗಳಲ್ಲಿ ಕಾಣುವುದೂ ಇಲ್ಲ. ಬೆಳಕಿಗೆ ಎದುರಾಗಿ ತೆಗೆದಾಗ ಚಿತ್ರ ತುಸು ಮಂಕಾಗಬಹುದು, ಅದನ್ನೂ ಬಹುಮಂದಿ ಹವೆಯ ದೋಷವೆಂದುಕೊಳ್ಳುತ್ತಾರೆ. ಆದ್ದರಿಂದ ಎರಡು ವರ್ಷ ಬಳಸಿಯೂ ಗೊತ್ತಾಗಲಿಲ್ಲ ಎನ್ನುವುದನ್ನು ನಾನು ನಂಬುತ್ತೇನೆ.

ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನು ಕೇಳಬೇಕು. ಅದು ಮಾರಿದ ದಿನ ಇತ್ತು ಎನ್ನುವುದಕ್ಕೆ ಏನು ಆಧಾರ? ತೇವವಿರುವ ಕತ್ತಲ ಜಾಗದಲ್ಲಿ ಮುಚ್ಚಿಟ್ಟರೆ ಫಂಗಸ್ ಹೊಸದಾಗಿಯೂ ಬರುತ್ತದೆ. ಒರೆಸಿದರೆ ಹೋಗುವಂತಿದ್ದರೆ ಅದರ ವಯಸ್ಸನ್ನು ಹೇಳುವುದು ಕಷ್ಟ. ಒರೆಸಿದ ಮೇಲೂ ಎಳೆಗಳ ಗುರುತು ಗಾಜಿನ ಲೇಪನದ ಮೇಲೆ ಉಳಿದಿದ್ದರೆ, ಲೇಪನವನ್ನೇ ಅದು ತಿಂದಿದೆ ಎಂದರ್ಥ, ಮತ್ತು ಅದು ಸಾಮಾನ್ಯವಾಗಿ ಮೂರು ವಾರದ ಕೆಲಸವಲ್ಲ. ನೈತಿಕತೆಯ ಚರ್ಚೆಗೆ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಿ. ಆಗಿಲ್ಲದ ತಪ್ಪಿಗೆ ದಂಡ ಕಟ್ಟುವುದೂ ಸರಿಯಲ್ಲ.

ಹಳೆಯ ಲೆನ್ಸ್ (ಚರ್ಚೆ ಆರಂಭಿಸಿದವರು)

ಕೇಳಿದೆ. ಒರೆಸಿದ ಮೇಲೆ ಗುರುತು ಉಳಿದಿದೆಯಂತೆ. ಹಾಗಾಗಿ ಅದು ನನ್ನ ಬಳಿ ಇದ್ದಾಗಲೇ, ಬಹುಶಃ ನನಗೂ ಮೊದಲು, ಇತ್ತೆಂದು ಇಟ್ಟುಕೊಳ್ಳೋಣ. ನಾನೂ ಈ ಲೆನ್ಸನ್ನು ಸೆಕೆಂಡ್ ಹ್ಯಾಂಡಾಗಿಯೇ ಕೊಂಡಿದ್ದೆ ಎಂಬುದನ್ನು ಮೊದಲೇ ಹೇಳಬೇಕಿತ್ತು. "ಫಂಗಸ್ ಇಲ್ಲ" ಎಂಬ ಮಾತು ನನಗೆ ಮಾರಿದವರ ಜಾಹೀರಾತಿನಲ್ಲೂ ಇತ್ತು. ಕರಾರು ಓದುಗರು ಕೇಳಿದ ಮೇಲೆ ಯೋಚಿಸಿದರೆ, ನಾನು ಕಿಟಕಿಗೆ ಹಿಡಿದು ನೋಡಿದ್ದು ಆ ಮಾತನ್ನು ಪರೀಕ್ಷಿಸುವುದಕ್ಕಲ್ಲ, ಹೌದೆನ್ನಿಸಿಕೊಳ್ಳುವುದಕ್ಕೆ ಎನಿಸುತ್ತಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವನ ಸಾಲಿಗೆ ನಾನೂ ಸೇರಿದೆ.

ನೇರಮಾತು

ಹಾಗಿದ್ದರೆ ನನ್ನ ವಾದ ಇನ್ನೂ ಗಟ್ಟಿಯಾಯಿತು. ಇದಕ್ಕೆ ಸರಿಹೊಂದುವ ಮೊಕದ್ದಮೆಯೇ ಇದೆ: 1957ರ ವರದಿಗಳಲ್ಲಿರುವ ಇಂಗ್ಲೆಂಡಿನ ಆಸ್ಕರ್ ಚೆಸ್ ಮೊಕದ್ದಮೆ. ಸಾಮಾನ್ಯ ವ್ಯಕ್ತಿಯೊಬ್ಬ ತನ್ನ ಮಾರಿಸ್ ಕಾರನ್ನು 1948ರ ಮಾಡೆಲ್ ಎಂದು ಹೇಳಿ ಕಾರು ವ್ಯಾಪಾರಿಗಳಿಗೆ ಕೊಟ್ಟ. ನೋಂದಣಿ ಪುಸ್ತಕದಲ್ಲಿಯೂ ಹಾಗೆಯೇ ಇತ್ತು. ವ್ಯಾಪಾರಿಗಳು 290 ಪೌಂಡ್ ಬೆಲೆ ಕಟ್ಟಿದರು. ತಿಂಗಳುಗಳ ಮೇಲೆ ತಯಾರಕರಲ್ಲಿ ವಿಚಾರಿಸಿದಾಗ ಅದು 1939ರ ಕಾರು, ಬೆಲೆ 175 ಪೌಂಡ್ ಮಾತ್ರ ಎಂದು ಗೊತ್ತಾಯಿತು. ಹಿಂದೆ ಯಾರೋ ಪುಸ್ತಕವನ್ನು ತಿದ್ದಿದ್ದರು. ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ಮಾರಿದವನ ಪರವಾಗಿ ತೀರ್ಪು ಕೊಟ್ಟಿತು: ಅವನು ತನ್ನ ನಂಬಿಕೆಯನ್ನು ಹೇಳಿದ್ದನೇ ಹೊರತು ಭರವಸೆ ಕೊಟ್ಟಿರಲಿಲ್ಲ. ನಮ್ಮ ಸ್ನೇಹಿತರೂ ತಮಗೆ ಬಂದ ಮಾತನ್ನು ಮುಂದಕ್ಕೆ ದಾಟಿಸಿದ್ದಾರೆ, ಅಷ್ಟೇ.

ಕರಾರು ಓದುಗ

ಒಳ್ಳೆಯ ಉದಾಹರಣೆ, ಆದರೆ ಅದರ ತಿರುಳು ಬೇರೆ ಇದೆ. ಆ ತೀರ್ಪಿನಲ್ಲಿ ಭಾರವಾಗಿ ತೂಗಿದ್ದು ಕೊಂಡವರು ಯಾರು ಎಂಬುದು. ಕೊಂಡವರು ಕಾರು ವ್ಯಾಪಾರವೇ ಕಸುಬಾಗಿದ್ದವರು. ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಬರೆದುಕೊಂಡು ತಯಾರಕರನ್ನು ಕೇಳುವುದು ಅವರಿಗೆ ಮೊದಲ ದಿನವೇ ಸಾಧ್ಯವಿತ್ತು. ಮಾರಿದವನಿಗೆ ಆ ಪುಸ್ತಕ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕೆಲವೇ ವರ್ಷಗಳ ಮೇಲೆ, 1965ರ ಡಿಕ್ ಬೆಂಟ್ಲಿ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ತಿರುಗುಮುರುಗಾದ ತೀರ್ಪು ಕೊಟ್ಟಿತು. ಅಲ್ಲಿ ಮಾರಿದವನು ವ್ಯಾಪಾರಿ, ಹೊಸ ಎಂಜಿನ್ ಹಾಕಿದ ಮೇಲೆ ಕಾರು 20,000 ಮೈಲಿ ಮಾತ್ರ ಓಡಿದೆ ಎಂದ. ನಿಜದಲ್ಲಿ ಅದು ಸುಮಾರು 1,00,000 ಮೈಲಿ ಓಡಿತ್ತು. ಅವನ ಮಾತನ್ನು ಭರವಸೆಯೆಂದೇ ಪರಿಗಣಿಸಲಾಯಿತು. ಎರಡನ್ನೂ ಜೊತೆಗಿಟ್ಟು ಓದಿದರೆ ನ್ಯಾಯಾಲಯ ಕೇಳುತ್ತಿರುವ ಪ್ರಶ್ನೆ ತಿಳಿಯುತ್ತದೆ: ನಿಜವನ್ನು ಕಂಡುಕೊಳ್ಳಲು ಇಬ್ಬರಲ್ಲಿ ಯಾರಿಗೆ ಹೆಚ್ಚು ಅನುಕೂಲವಿತ್ತು?

ಲೆನ್ಸ್ ವಿಷಯದಲ್ಲಿ ಇಬ್ಬರೂ ಹವ್ಯಾಸಿಗಳು. ಆದರೆ ಮಾರಾಟದ ದಿನದವರೆಗೆ ಲೆನ್ಸ್ ಒಬ್ಬರ ಕೈಯಲ್ಲಿತ್ತು, ಟಾರ್ಚೂ ಬಹುಶಃ ಅದೇ ಮನೆಯಲ್ಲಿತ್ತು. ಇನ್ನೊಬ್ಬರ ಮುಂದೆ ಇದ್ದದ್ದು ಒಂದು ಜಾಹೀರಾತು.

ಕೊಂಡವಳು

ನಾನು ಬಹುಪಾಲು ಕೊಳ್ಳುವವಳೇ, ಮಾರುವುದು ಅಪರೂಪ. ಇಲ್ಲಿಯವರೆಗಿನ ಚರ್ಚೆಯಲ್ಲಿ ತಪ್ಪು ಒಂದೇ ಕಡೆಗೆ ಬಿದ್ದಿರುವುದರಿಂದ, ಅದನ್ನು ತಿರುಗಿಸಿ ನೋಡಬೇಕೆನಿಸಿತು. ಹಿಂದೊಮ್ಮೆ ಹಳೆಯ ಪೆನ್ನುಗಳ ಒಂದು ಕಟ್ಟನ್ನು ವಯಸ್ಸಾದ ಒಬ್ಬರಿಂದ ಕೊಂಡೆ. ಮನೆಗೆ ತಂದು ತೊಳೆದಾಗ, ಕಪ್ಪಿಟ್ಟಿದ್ದ ಒಂದು ಪೆನ್ನಿನ ನಿಬ್ಬು ಚಿನ್ನದ್ದು ಎಂದು ಗೊತ್ತಾಯಿತು. ಅವರಿಗೂ ಗೊತ್ತಿರಲಿಲ್ಲ, ಕೊಳ್ಳುವಾಗ ನನಗೂ ಗೊತ್ತಿರಲಿಲ್ಲ. ಅದನ್ನು ಹಿಂದಿರುಗಿಸಬೇಕಿತ್ತೇ? ನಾನು ಹಿಂದಿರುಗಿಸಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇವರು ಹಣ ಹಿಂದಿರುಗಿಸಬೇಕಾದರೆ, ನಾನೂ ಆ ಪೆನ್ನನ್ನು ಹಿಂದಿರುಗಿಸಬೇಕಾಗುತ್ತದಲ್ಲವೇ?

ಕರಾರು ಓದುಗ

ನಿಮ್ಮ ಪ್ರಶ್ನೆಗೆ ನ್ಯಾಯಾಲಯಗಳೇ ಒಂದೇ ಉತ್ತರ ಕೊಟ್ಟಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಹಿಳೆಯೊಬ್ಬಳು ತನಗೆ ಸಿಕ್ಕಿದ್ದ ಒಂದು ಕಲ್ಲನ್ನು ಆಭರಣ ವ್ಯಾಪಾರಿಗೆ 1 ಡಾಲರಿಗೆ ಮಾರಿದಳು. ಅದು ಪುಷ್ಯರಾಗವಿರಬಹುದು ಎಂದು ಇಬ್ಬರೂ ಅಂದುಕೊಂಡಿದ್ದರು; ಆಮೇಲೆ ಅದು ಸುಮಾರು 700 ಡಾಲರ್ ಬೆಲೆಯ, ಸಾಣೆ ಹಿಡಿಯದ ವಜ್ರವೆಂದು ತಿಳಿಯಿತು. 1885ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮಾರಾಟವನ್ನು ಎತ್ತಿಹಿಡಿಯಿತು. ಎರಡೇ ವರ್ಷಗಳ ಮೇಲೆ, 1887ರಲ್ಲಿ, ಮಿಷಿಗನ್ ಸುಪ್ರೀಂ ಕೋರ್ಟಿನ ಮುಂದೆ ರೋಸ್ ಎಂಬ ಹಸುವಿನ ವ್ಯಾಜ್ಯ ಬಂತು. ಗೊಡ್ಡು ಎಂದು ಇಬ್ಬರೂ ನಂಬಿ, ತೂಕದ ಲೆಕ್ಕದಲ್ಲಿ ಸುಮಾರು 80 ಡಾಲರಿಗೆ ಮಾತಾಗಿತ್ತು. ಹಸು ಗಬ್ಬವಾಗಿದೆ, ಹಾಗಿದ್ದರೆ ಅದರ ಬೆಲೆ 750 ಡಾಲರಿಗೂ ಹೆಚ್ಚು ಎಂದು ಗೊತ್ತಾದ ಕೂಡಲೇ ಮಾರುವವರು ಕೊಡಲೊಪ್ಪಲಿಲ್ಲ. ಗೊಡ್ಡು ಹಸುವೂ ಈಯುವ ಹಸುವೂ ಬೇರೆ ಬೇರೆ ವಸ್ತುಗಳೇ ಎಂದು ನ್ಯಾಯಾಲಯ ಅವರ ಪರ ನಿಂತಿತು. (ಮೇಲೆ ಯಾರೋ ಎತ್ತು ಈದ ಗಾದೆ ಹೇಳಿದರು; ಇಲ್ಲಿ ಗೊಡ್ಡೇ ಈಯಿತು.) ಎರಡು ತೀರ್ಪುಗಳನ್ನು ಹೊಂದಿಸಲು ಕಾನೂನು ಓದುವವರು ಇಂದಿಗೂ ಹೆಣಗುತ್ತಾರೆ. ಒಂದು ವ್ಯತ್ಯಾಸವಂತೂ ಕಣ್ಣಿಗೆ ಬೀಳುತ್ತದೆ: ಕಲ್ಲಿನ ವ್ಯವಹಾರದಲ್ಲಿ ಇದು ಏನೋ ತಿಳಿಯದು ಎಂಬುದೇ ಇಬ್ಬರಿಗೂ ತಿಳಿದಿತ್ತು, ಹಸುವಿನ ವ್ಯವಹಾರದಲ್ಲಿ ಇಬ್ಬರೂ ತಮಗೆ ತಿಳಿದಿದೆ ಎಂದುಕೊಂಡಿದ್ದರು.

ನಿಮ್ಮ ಪೆನ್ನುಗಳ ಕಟ್ಟು ಕಲ್ಲಿನ ಹಾಗೆ. ಒಳಗೆ ಏನಿದೆಯೋ ನೋಡದೆ ಅವರು ಮಾರಿದರು, ನೀವು ಕೊಂಡಿರಿ. ಅವರಿಗೆ ನೀವು ಯಾವ ಸುಳ್ಳನ್ನೂ, ತಿಳಿಯದೆಯೂ ಕೂಡ, ಹೇಳಲಿಲ್ಲ. ಲೆನ್ಸಿನ ವಿಷಯದಲ್ಲಿ ಒಂದು ಮಾತು ಹೇಳಲಾಗಿತ್ತು, ಆ ಮಾತನ್ನು ನಂಬಲಾಗಿತ್ತು. ನನ್ನ ಮಟ್ಟಿಗೆ ವ್ಯತ್ಯಾಸ ಅಲ್ಲಿದೆ.

ಕೊಂಡವಳು

ಕಾನೂನಿನ ಮಟ್ಟಿಗೆ ಒಪ್ಪುತ್ತೇನೆ. ಆದರೂ ಒಂದು ಮುಳ್ಳು ಉಳಿಯುತ್ತದೆ. ಪೆನ್ನು ಕೊಳ್ಳುವಾಗ ನಾನು ನಿರಪರಾಧಿ, ಸರಿ. ತೊಳೆದು ನೋಡಿದ ಸಂಜೆಯಿಂದ ನನಗೆ ಗೊತ್ತಿದೆ. ಆಮೇಲೆ ಅವರ ಬಳಿಯಿಂದಲೇ ಇನ್ನೊಂದು ಕಟ್ಟನ್ನು ಕೊಳ್ಳಲು ಹೋಗಿ ಬಾಯಿ ಬಿಡದೆ ಇದ್ದಿದ್ದರೆ, ಅದು ಮೊದಲಿನ ಅಜ್ಞಾನವಾಗುತ್ತಿರಲಿಲ್ಲ. ನಾನು ಹೋಗಲಿಲ್ಲ, ಹೋಗದೆ ಇದ್ದದ್ದೂ ಬಹುಶಃ ಈ ಅಳುಕಿನಿಂದಲೇ.

ಹಳೆಯ ಲೆನ್ಸ್ ಅವರ ಸ್ಥಿತಿಯೂ ಹೀಗೆಯೇ ಎನಿಸುತ್ತದೆ. ಮಾರಿದ ದಿನ ಅವರು ತಿಳಿಯದವರು. ಫೋಟೊ ಬಂದ ದಿನದಿಂದ ತಿಳಿದವರು. "ನನಗೆ ಗೊತ್ತಿರಲಿಲ್ಲ" ಎಂಬ ವಾಕ್ಯ ಭೂತಕಾಲದಲ್ಲಿದೆ, ಹಣ ಮಾತ್ರ ವರ್ತಮಾನದಲ್ಲಿ ಅವರ ಬಳಿಯಿದೆ. ಇಂದು ಆ ಹಣವನ್ನು ಇಟ್ಟುಕೊಳ್ಳುವುದು ಗೊತ್ತಿದ್ದೂ ಮಾಡುವ ಕೆಲಸ. ಕೊಂಡವರು ಕೇಳಲಿಲ್ಲ ಎಂಬುದು ಅವರ ಸೌಜನ್ಯ, ಇವರಿಗೆ ಸಿಕ್ಕ ರಿಯಾಯಿತಿಯಲ್ಲ.

ನೇರಮಾತು

ಈ ಮಾತಿಗೆ ನನ್ನಲ್ಲಿ ತಕ್ಷಣಕ್ಕೆ ಉತ್ತರವಿಲ್ಲ. ಆದರೆ ಒಂದು ಮಿತಿಯಾದರೂ ಬೇಕಲ್ಲವೇ? ಇಂದು ಮೂರು ವಾರ, ನಾಳೆ ಮೂರು ವರ್ಷ. ಮಾರಿದ ಪ್ರತಿ ವಸ್ತುವಿನ ಹಿಂದೆಯೂ ಜೀವಮಾನವಿಡೀ ಹೊಣೆ ಹೊತ್ತು ತಿರುಗಲು ಯಾರಿಂದ ಸಾಧ್ಯ?

ರಿಪೇರಿ ಕೋಣೆ

ಮಿತಿ ಕೆಲಸದಲ್ಲೇ ಸಿಗುತ್ತದೆ. ಸಮಯ ಕಳೆದಂತೆ ದೋಷ ಯಾರ ಕೈಯಲ್ಲಿ ಬಂತು ಎಂಬುದನ್ನು ಹೇಳಲಾಗುವುದಿಲ್ಲ, ಹೇಳಲಾಗದಿದ್ದರೆ ಹೊಣೆಯೂ ಸಡಿಲವಾಗುತ್ತದೆ. ಸವೆತ ಬೇರೆ, ಅಡಗಿದ ದೋಷ ಬೇರೆ. ಮಾರಿದ ಮೇಲೆ ಬ್ಯಾಟರಿ ಬೇಗ ಇಳಿಯತೊಡಗಿದರೆ ಅದು ಸವೆತ. ಬ್ಯಾಟರಿಯನ್ನು ಹೊಸದಾಗಿ ಹಾಕಿಸಿದ್ದೇನೆ ಎಂದು ಹೇಳಿ, ಅದು ಹಳೆಯದೆಂದು ಗೊತ್ತಾದರೆ ಅದು ಮಾತಿನ ದೋಷ. ನನ್ನ ಬಳಿಗೆ ಬರುವ ಜಗಳಗಳಲ್ಲಿ ಅರ್ಧದಷ್ಟು "ನೋಡಿಲ್ಲ" ಎಂದು ಬರೆಯಬೇಕಾದಲ್ಲಿ "ಇಲ್ಲ" ಎಂದು ಬರೆದದ್ದರಿಂದ ಹುಟ್ಟಿದವು. "ಟಾರ್ಚ್ ಹಾಕಿ ನೋಡಿಲ್ಲ, ಹಗಲು ಬೆಳಕಿನಲ್ಲಿ ಏನೂ ಕಾಣಲಿಲ್ಲ" ಎಂದು ಬರೆದಿದ್ದರೆ ಲೆನ್ಸ್ ತುಸು ಕಡಿಮೆಗೆ ಹೋಗುತ್ತಿತ್ತು, ಅಷ್ಟೇ.

ಕರಾರು ಓದುಗ

ನಿಜ. ಆ ತುಸು ಕಡಿಮೆಯೇ ಜೂಲಿಯನ್ ಹೇಳಿದ ವ್ಯತ್ಯಾಸ. ಇವರ ಬಾಕಿ ಎಷ್ಟು ಎಂದು ಕೇಳಿದರೆ ನಾನು ಹೇಳುವುದೂ ಅದನ್ನೇ: ಪೂರ್ತಿ ಹಣವಲ್ಲ, ರಿಪೇರಿಯ ಓಡಾಟ, ಹಾಳಾದ ಸಮಯ, ಮನಸ್ಸಿನ ಬೇಸರ ಇವೆಲ್ಲದರ ಪರಿಹಾರವೂ ಅಲ್ಲ, ಫಂಗಸ್ ಇರುವ ಲೆನ್ಸಿಗೂ ಇಲ್ಲದ ಲೆನ್ಸಿಗೂ ಇರುವ ಬೆಲೆಯ ಅಂತರ. ಕೊಂಡವರಿಗೆ ಲೆನ್ಸೇ ಬೇಡವಾಗಿದ್ದರೆ ಅದನ್ನು ಹಿಂದಕ್ಕೆ ಪಡೆದು ಹಣ ಕೊಡುವುದು. ಯಾವುದು ಎಂಬುದನ್ನು ಆಯ್ದುಕೊಳ್ಳಬೇಕಾದವರು ಅವರು.

ಹಳೆಯ ಲೆನ್ಸ್ (ಚರ್ಚೆ ಆರಂಭಿಸಿದವರು)

ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಕೊಂಡವರಿಗೆ ಎರಡು ದಾರಿಗಳನ್ನೂ ತಿಳಿಸಿದೆ. ಮೊದಲು ಬೇಡವೆಂದರು. "ನೀವು ಮೋಸ ಮಾಡಿಲ್ಲ ಎಂದು ನನಗೆ ಗೊತ್ತು" ಎಂದರು. ಮೋಸದ ಮಾತಲ್ಲ, ನಾನು ಬರೆದ ವಾಕ್ಯಕ್ಕೆ ನೀವು ಕೊಟ್ಟ ಹಣದ ಮಾತು ಎಂದು ವಿವರಿಸಿದೆ. ಲೆನ್ಸನ್ನು ಇಟ್ಟುಕೊಳ್ಳುತ್ತೇನೆ, ಅಂಚಿನ ಗುರುತು ತಮ್ಮ ಚಿತ್ರಗಳಿಗೆ ಅಡ್ಡಿಯಾಗಿಲ್ಲ ಎಂದರು. ವ್ಯತ್ಯಾಸದ ಹಣವನ್ನು, ಎರಡು ದಿನ ಬಿಟ್ಟು, ಸ್ವೀಕರಿಸಿದರು. ಎಷ್ಟೆಂದು ನಿರ್ಧರಿಸಲು ಅಂಥದ್ದೇ ಗುರುತಿರುವ ಲೆನ್ಸುಗಳು ಯಾವ ಬೆಲೆಗೆ ಹೋಗುತ್ತಿವೆ ಎಂದು ಇಬ್ಬರೂ ಕೂಡಿಯೇ ನೋಡಿದೆವು. ಔದಾರ್ಯವೋ ಬಾಕಿಯೋ ಎಂದು ಕೇಳಿದ್ದೆನಲ್ಲ, ಕೊಟ್ಟ ಮೇಲೆ ಹೆಮ್ಮೆ ಏನೂ ಅನಿಸಲಿಲ್ಲ. ಸಾಲ ತೀರಿಸಿದಾಗ ಆಗುವಷ್ಟೇ ಹಗುರವಾಯಿತು.

ಉಳಿದದ್ದು ನನಗೆ ಮಾರಿದವರ ವಿಷಯ. ಅವರಿಂದ ಹಣ ಕೇಳುವ ಮನಸ್ಸಾಗಲಿಲ್ಲ. ಎರಡು ವರ್ಷ ನನ್ನ ಬಳಿಯಿದ್ದ ಲೆನ್ಸಿನ ದೋಷ ಅವರ ಕಾಲದ್ದೇ ಎಂದು ನಾನು ಹೇಗೆ ಹೇಳಲಿ? ರಿಪೇರಿ ಕೋಣೆಯವರು ಹೇಳಿದ ಮಿತಿಗೆ ನಾನೂ ಒಳಪಟ್ಟವನೇ. ಆದರೆ ವಿಷಯ ತಿಳಿಸದೆ ಇರುವುದಕ್ಕೂ ಕಾರಣ ಕಾಣಲಿಲ್ಲ. ಫೋಟೊ ಸಹಿತ ಒಂದು ಸಂದೇಶ ಕಳುಹಿಸಿ, ನಿಮ್ಮಿಂದ ಏನನ್ನೂ ಕೇಳುತ್ತಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದೆ.

ನಿನ್ನೆ ಉತ್ತರ ಬಂತು. ಅದೇ ಕಪಾಟಿನಲ್ಲಿ ಇಷ್ಟು ವರ್ಷ ಇಟ್ಟಿದ್ದ ಇನ್ನೊಂದು ಲೆನ್ಸನ್ನು ಅವರು ಕಳೆದ ವಾರವಷ್ಟೇ ಮಾರಾಟಕ್ಕೆ ಹಾಕಿದ್ದರಂತೆ. ಜಾಹೀರಾತನ್ನು ಸದ್ಯಕ್ಕೆ ತೆಗೆದಿದ್ದಾರೆ. ಟಾರ್ಚನ್ನು ಯಾವ ಕಡೆಯಿಂದ ಹಿಡಿಯಬೇಕು ಎಂದು ಕೇಳಿದ್ದಾರೆ. ರಿಪೇರಿ ಕೋಣೆಯವರು ಬರೆದದ್ದನ್ನು ಹಾಗೆಯೇ ಕಳುಹಿಸಿದ್ದೇನೆ.